ಹುಟ್ಟಿದ ದಿನದ ಚೀಟಿ

ನಮ್ಮ ತಂದೆಗೂ ಅವರ ಇಬ್ಬರು ತಮ್ಮಂದಿರಿಗೂ ಮನೆ ಪಾಲಾದಾಗ ನನಗೆ ಆರು ವರ್ಷ. ಊರಿನ ಹಿರಿಯರು ಗದ್ದೆ ತೋಟಗಳನ್ನು ಮೂರು ಹಿಸ್ಸೆಗಳಾಗಿ ಗೊತ್ತುಮಾಡಿ, ಮೂರು ಚೀಟಿಗಳಲ್ಲಿ ಬರೆದು, ಸುರುಳಿ ಸುತ್ತಿ, ದೇವರ ಮುಂದೆ ತಾಮ್ರದ ತಟ್ಟೆಯಲ್ಲಿಟ್ಟರು. ಎತ್ತುವುದಕ್ಕೆ ನನ್ನನ್ನು ಕರೆದರು. ಏನೂ ಅರಿಯದ ಮಗುವಿನ ಕೈಯಾದರೆ ಯಾರಿಗೂ ಸಂದೇಹಕ್ಕೆ ಆಸ್ಪದವಿರದೆಂಬುದು ಅವರ ಮತ. ನಾನು ಒಂದೊಂದಾಗಿ ಎತ್ತಿಕೊಟ್ಟೆನು. ಕೆರೆಯ ಕೆಳಗಿನ ಬಯಲುಗದ್ದೆ ಚಿಕ್ಕಪ್ಪನಿಗೆ ಹೋಯಿತು. ಮಳೆಯನ್ನೇ ನಂಬಿದ ಮಕ್ಕಿಗದ್ದೆ ನಮ್ಮ ಪಾಲಿಗೆ ಬಂದಿತು. ಯಾರೂ ನನ್ನನ್ನು ಒಂದು ಮಾತೂ ಆಡಲಿಲ್ಲ. ಆದರೆ ಆ ರಾತ್ರಿ ನನ್ನ ತಾಯಿ ನನ್ನ ಬಲಗೈಯನ್ನು ಹಿಡಿದುಕೊಂಡು, ದೀಪದ ಬೆಳಕಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು.

ಈ ಸಂಗತಿಯನ್ನು ನಾನು ಮರೆತೇಬಿಟ್ಟಿದ್ದೆನು. ಅದು ಮತ್ತೆ ನೆನಪಿಗೆ ಬಂದುದು ಹದಿನೆಂಟು ವರ್ಷಗಳ ಮೇಲೆ, ಭೂಮಿಯ ಆಚೆಯ ಮಗ್ಗುಲಿನಲ್ಲಿ, ಒಬ್ಬ ಮುದುಕಿಯ ಪಡಸಾಲೆಯಲ್ಲಿ. ಹೋದ ತಿಂಗಳು ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಬಹುಮಾನದ ಚೀಟಿಯನ್ನು ಎತ್ತಲು ಒಂದು ಪುಟ್ಟ ಹುಡುಗಿಯನ್ನು ವೇದಿಕೆಗೆ ಕರೆದಾಗ ಆ ಎರಡೂ ಒಟ್ಟಿಗೆ ಮನಸ್ಸಿಗೆ ಬಂದವು. ಸಂಪಾದಕರು ಪಕ್ಕದಲ್ಲಿಯೇ ಇದ್ದರು, ಬರೆದುಕೊಡಿ ಎಂದರು. ಬರೆಯುತ್ತಿದ್ದೇನೆ.

1967ರಲ್ಲಿ ನಾನು ಮೃತ್ತಿಕಾಶಾಸ್ತ್ರದ ವ್ಯಾಸಂಗಕ್ಕಾಗಿ ಅಮೆರಿಕೆಯ ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರಕ್ಕೆ ಹೋದೆನು. ಎರಡು ಸರೋವರಗಳ ನಡುವಣ ಕಿರಿದಾದ ನೆಲದ ಮೇಲೆ ಹಬ್ಬಿದ ಊರು ಅದು. ಚಳಿಗಾಲದಲ್ಲಿ ಮೆಂಡೋಟಾ ಸರೋವರವು ಹೆಪ್ಪುಗಟ್ಟಿ ಜನರು ಅದರ ಮೇಲೆ ನಡೆದಾಡುತ್ತಾರೆ, ಮಂಜುಗಡ್ಡೆಯಲ್ಲಿ ತೂತು ಕೊರೆದು ಮೀನು ಹಿಡಿಯುತ್ತಾರೆ. ಇದನ್ನು ಮನೆಗೆ ಬರೆದಾಗ ನಮ್ಮ ತಂದೆ ನಂಬಲಿಲ್ಲ; ಹೊರದೇಶಕ್ಕೆ ಹೋದವರು ಹೀಗೆ ಒಂದಕ್ಕೆರಡು ಹೇಳುವ ಅಭ್ಯಾಸವನ್ನು ಕಲಿಯಬಾರದೆಂದು ಉತ್ತರ ಬರೆದರು.

ನಾನು ಬಿಡಾರ ಮಾಡಿದ್ದುದು ಒಬ್ಬ ವಿಧವೆಯ ಹಳೆಯ ಮರದ ಮನೆಯಲ್ಲಿ. ಮಹಡಿಯ ಮೇಲೆ ನಾವು ನಾಲ್ವರು. ಒಬ್ಬನು ಅದೇ ಸಂಸ್ಥಾನದ ಹಾಲುಹೈನಿನ ರೈತನ ಮಗ, ಬೇಸಾಯವನ್ನೇ ಓದುತ್ತಿದ್ದವನು. ಕೈಗಳು ಹಾರೆಯ ಹಿಡಿಯಂತೆ, ಮಾತು ಮಿತ. ಇನ್ನೊಬ್ಬನು ಮಿಲ್ವಾಕಿಯ ಅಚ್ಚುಕೂಟದ ಕೆಲಸಗಾರನ ಮಗ. ಮೂರನೆಯವನು ಷಿಕಾಗೋದ ವಕೀಲರ ಮಗ, ನಗೆಗಾರ. ಹೆಸರುಗಳು ಬೇಡ, ಇದ್ದವರೂ ಇಲ್ಲದವರೂ ಅವರಲ್ಲಿ ಇದ್ದಾರೆ.

ಈಗಿನ ಓದುಗರಿಗೆ ಆ ಕಾಲದ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ವಿಯಟ್ನಾಮಿನಲ್ಲಿ 1969ರಲ್ಲಿ ಅಮೆರಿಕೆಯ ಐದು ಲಕ್ಷಕ್ಕೂ ಹೆಚ್ಚು ಸೈನಿಕರಿದ್ದರು. ಅಲ್ಲಿಯ ಪ್ರತಿಯೊಬ್ಬ ಗಂಡುಮಗನೂ ಹದಿನೆಂಟು ತುಂಬಿದೊಡನೆ ಸೈನ್ಯಭರ್ತಿಯ ಮಂಡಲಿಯಲ್ಲಿ ತನ್ನ ಹೆಸರನ್ನು ಬರೆಸಬೇಕು. ಇಂಥ ಸ್ಥಳೀಯ ಮಂಡಲಿಗಳು ದೇಶದಲ್ಲೆಲ್ಲ ನಾಲ್ಕು ಸಾವಿರಕ್ಕೂ ಮೇಲಿದ್ದವು. ಊರಿನ ನಾಲ್ಕೈದು ಮಂದಿ ದೊಡ್ಡ ಮನುಷ್ಯರು ಕುಳಿತು, ಯಾರು ಹೋಗತಕ್ಕವರು, ಯಾರನ್ನು ಸದ್ಯಕ್ಕೆ ಬಿಡಬೇಕು ಎಂದು ತೀರ್ಮಾನಿಸುವರು. ಕಾಲೇಜಿನಲ್ಲಿ ಓದುತ್ತಿರುವವನಿಗೆ ಪದವಿ ಮುಗಿಯುವವರೆಗೆ ವಿನಾಯಿತಿ. ಆದ್ದರಿಂದ ಕಾಲೇಜಿನ ಮುಖ ಕಾಣದ ಬಡವರ ಮಕ್ಕಳೂ ಕಪ್ಪು ಜನಾಂಗದವರೂ ಮೊದಲು ಹೋಗುತ್ತಿದ್ದರು. ಇದು ಅನ್ಯಾಯವೆಂಬ ಕೂಗು ಹೆಚ್ಚಿದಾಗ ಅಧ್ಯಕ್ಷ ನಿಕ್ಸನ್ನರು ಒಂದು ಹೊಸ ಉಪಾಯಕ್ಕೆ 1969ರ ನವೆಂಬರ್ 26ರಂದು ಸಹಿ ಹಾಕಿದರು. 1944ರಿಂದ 1950ರವರೆಗಿನ ಏಳು ವರ್ಷಗಳಲ್ಲಿ ಹುಟ್ಟಿದವರೆಲ್ಲರಿಗೂ ಹುಟ್ಟಿದ ತಾರೀಖಿನ ಮೇಲೆ ಚೀಟಿ ಎತ್ತುವುದು; ಯಾವ ತಾರೀಖು ಮೊದಲು ಬರುವುದೋ ಆ ದಿನ ಹುಟ್ಟಿದವರು ಮೊದಲು ಹೋಗತಕ್ಕದ್ದು.

ಚೀಟಿ ಎತ್ತುವುದು ಅವರಿಗೆ ಹೊಸತೇನೂ ಆಗಿರಲಿಲ್ಲ. ನಮ್ಮ ಮನೆಯೊಡತಿಯ ಗಂಡ ಮೊದಲನೆಯ ಮಹಾಯುದ್ಧಕ್ಕೆ ಹೀಗೆಯೇ ಹೋದವನು. 1917ರ ಜುಲೈಯಲ್ಲಿ ಯುದ್ಧಮಂತ್ರಿ ಬೇಕರ್ ಎಂಬವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗಾಜಿನ ಪಾತ್ರೆಯೊಳಗೆ ಕೈಯಿಟ್ಟು ಮೊದಲ ಚೀಟಿಯನ್ನೆತ್ತಿದರು. ಬಂದ ಸಂಖ್ಯೆ 258. 1940ರಲ್ಲಿ ಅದೇ ಪಾತ್ರೆಯನ್ನು ಮತ್ತೆ ಹೊರಗೆ ತೆಗೆದರು. ಆಗ ಕಣ್ಣು ಕಟ್ಟಿಸಿಕೊಂಡವರು ಸ್ಟಿಮ್ಸನ್ನರು, ಬಂದುದು 158. ಮುದುಕಿಗೆ ತನ್ನ ಗಂಡನ ಸಂಖ್ಯೆ ಬಾಯಿಪಾಠವಾಗಿತ್ತು. ಮದುವೆಯ ತಾರೀಖನ್ನು ಒಮ್ಮೊಮ್ಮೆ ಮರೆಯುತ್ತಿದ್ದಳು. ಇದನ್ನು ಮರೆತುದನ್ನು ನಾನು ಕಾಣೆನು.

ಆದರೆ ಆ ಹಿಂದಿನ ಸಂಖ್ಯೆಗಳು ಮಂಡಲಿಯವರು ಪುಸ್ತಕದಲ್ಲಿ ಬರೆದುಕೊಂಡ ಕ್ರಮಸಂಖ್ಯೆಗಳು. ಅಂಗಿಗೆ ಚುಚ್ಚಿದ ಬಿಲ್ಲೆಯ ಹಾಗೆ ಹೊರಗಿನವು. 1969ರದು ಹಾಗಲ್ಲ. ತಾಯಿ ಹೆತ್ತ ದಿನವೇ ಸಂಖ್ಯೆಯಾಗಿತ್ತು. ಮೇಣದ ಬತ್ತಿ ಹಚ್ಚಿ ಹಾಡು ಹೇಳಿ ರೊಟ್ಟಿ ಕತ್ತರಿಸುವ ಆ ಸಡಗರದ ದಿನವನ್ನೇ ಸರ್ಕಾರವು ಕೇಳಿ ಪಡೆದಿತ್ತು. ಜಾತಕವನ್ನು ಮೂಢನಂಬಿಕೆಯೆಂದು ನನ್ನೆದುರಿಗೆ ನಗುತ್ತಿದ್ದ ಹುಡುಗರು ಆ ವಾರವೆಲ್ಲ ತಮ್ಮ ತಮ್ಮ ತಾರೀಖುಗಳನ್ನು ನಮ್ಮ ಊರಿನ ಜೋಯಿಸರಿಗಿಂತ ಹೆಚ್ಚು ಭಯದಿಂದ ನುಡಿಯುತ್ತಿದ್ದರು.

ಡಿಸೆಂಬರ್ 1, ಸೋಮವಾರ. ಸಂಜೆ ಏಳಕ್ಕೆ ನಾವು ನಾಲ್ವರೂ ಮುದುಕಿಯ ಪಡಸಾಲೆಯಲ್ಲಿ ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತೆವು. ನಾನು ವಿದ್ಯಾರ್ಥಿಯ ರಹದಾರಿಯ ಮೇಲೆ ಬಂದಿದ್ದ ಪರದೇಶಿ. ಆ ಚೀಟಿಗೂ ನನಗೂ ಸಂಬಂಧವಿಲ್ಲ. ಸಾವಿನ ಮನೆಯಲ್ಲಿ ನೆರೆಯವನು ಕುಳಿತಂತೆ ಒಂದು ಪಕ್ಕದಲ್ಲಿ ಕುಳಿತಿದ್ದೆನು.

ವಾಷಿಂಗ್ಟನ್ನಿನ ಒಂದು ಸಭಾಂಗಣ. ದೊಡ್ಡ ಗಾಜಿನ ಪಾತ್ರೆ. ಅದರೊಳಗೆ ನೀಲಿ ಬಣ್ಣದ 366 ಪ್ಲಾಸ್ಟಿಕ್ ಕರಡಿಗೆಗಳು, ಒಂದೊಂದರಲ್ಲಿಯೂ ಒಂದೊಂದು ತಾರೀಖು. ಮೊದಲನೆಯದನ್ನು ಪಿರ್ನಿ ಎಂಬ ಶಾಸನಸಭೆಯ ಸದಸ್ಯರು ಎತ್ತಿದರು. ಸೆಪ್ಟೆಂಬರ್ 14. ಚೀಟಿಯನ್ನು ಒಂದು ಹಲಗೆಯ ಮೇಲೆ 1 ಎಂಬ ಅಂಕೆಯ ಪಕ್ಕಕ್ಕೆ ಅಂಟಿಸಿದರು. ಅಲ್ಲಿಂದ ಮುಂದೆ ಎತ್ತುವುದಕ್ಕೆ ಬೇರೆ ಬೇರೆ ಸಂಸ್ಥಾನಗಳಿಂದ ಕರೆಸಿದ್ದ ತರುಣರು ಬಂದರು. ಅವರಲ್ಲಿ ಕೆಲವರು ತಮ್ಮ ಅಸಮ್ಮತಿಯನ್ನು ಅಲ್ಲಿಯೇ ನಿಂತು ನುಡಿದರು; ಉಳಿದವರು ಬಂದು, ಕೈಯಿಟ್ಟು, ಎತ್ತಿಕೊಟ್ಟು ಹೋದರು. ನನ್ನ ಬಲಗೈ ನನಗೆ ನೆನಪಾದುದು ಆಗ. ಹಿರಿಯರು ತಾವು ಮಾಡಬೇಕಾದ ಪಾಲನ್ನು ಕಿರಿಯರ ಕೈಯಿಂದ ಮಾಡಿಸುವುದು ನಮ್ಮ ಊರಿನಲ್ಲಿ ಮಾತ್ರವಲ್ಲ ಎಂದುಕೊಂಡೆನು.

ಎರಡನೆಯದು ಏಪ್ರಿಲ್ 24. ಮೂರನೆಯದು ಡಿಸೆಂಬರ್ 30. ನಾಲ್ಕನೆಯದು ಫೆಬ್ರವರಿ 14. ಅದು ಅವರಲ್ಲಿ ಪ್ರಣಯಿಗಳ ಹಬ್ಬ, ಷಿಕಾಗೋದವನು ಏನೋ ಹಾಸ್ಯವಾಡಿದನು, ಯಾರೂ ನಗಲಿಲ್ಲ. ಅಕ್ಟೋಬರ್ 18. ಸೆಪ್ಟೆಂಬರ್ 6. ಅಕ್ಟೋಬರ್ 26. ಸೆಪ್ಟೆಂಬರ್ 7. ಒಂಬತ್ತನೆಯದು ನವೆಂಬರ್ 22.

ರೈತನ ಮಗನಿಗೆ ಇಪ್ಪತ್ತೊಂದು ತುಂಬಿ ಒಂಬತ್ತು ದಿನಗಳಾಗಿದ್ದವು. ಮುದುಕಿಯೇ ಸಿಹಿರೊಟ್ಟಿ ಸುಟ್ಟಿದ್ದಳು. ಅಧ್ಯಕ್ಷ ಕೆನೆಡಿಯವರು 1963ರಲ್ಲಿ ಹತರಾದುದೂ ಅದೇ ತಾರೀಖಿನಂದು. ತನ್ನ ಹುಟ್ಟುಹಬ್ಬವು ಅಂದೇ ಕೆಟ್ಟುಹೋಯಿತೆಂದು ಅವನು ಮೊದಲೆಲ್ಲ ಹೇಳುತ್ತಿದ್ದನು. ಈಗ ಏನೂ ಹೇಳಲಿಲ್ಲ. ಎದ್ದು ನೆಲಮಾಳಿಗೆಗೆ ಇಳಿದು ಕುಲುಮೆಗೆ ಕಲ್ಲಿದ್ದಲು ಹಾಕಿ ಬಂದನು. ಆ ವಾರ ಕಲ್ಲಿದ್ದಲಿನ ಸರದಿ ಅವನದಲ್ಲ, ನನ್ನದು.

ಅವನು ಎದ್ದು ಹೋಗುತ್ತಿದ್ದಾಗ ಹತ್ತನೆಯ ತಾರೀಖನ್ನು ಓದಿದರು. ನಮ್ಮೆಲ್ಲರ ಕಣ್ಣುಗಳೂ ಅವನ ಬೆನ್ನಿನ ಮೇಲಿದ್ದವು. ಕಿವಿಗೆ ಬಿದ್ದಿತು, ಮನಸ್ಸಿಗೆ ಬೀಳಲಿಲ್ಲ.

ಉಳಿದುದನ್ನು ರೇಡಿಯೋದಲ್ಲಿಯೂ ಮರುದಿನದ ಪತ್ರಿಕೆಯಲ್ಲಿಯೂ ತಿಳಿದೆವು. ಷಿಕಾಗೋದವನ ದಿನ ಜನವರಿ 27; ಅವನಿಗೆ 355. ನೆಗೆದು ಎದ್ದನು, ಕೂಗಿದನು. ಎದುರಿನ ಮುಚ್ಚಿದ ಬಾಗಿಲನ್ನು ಕಂಡು ಹಾಗೆಯೇ ಕುಳಿತುಬಿಟ್ಟನು. ತನ್ನ ಆ ಕೂಗು ಬಾಗಿಲಿನಾಚೆ ಕೇಳಿಸಿತೇ ಎಂದು ಅನಂತರ ನನ್ನನ್ನು ಎಷ್ಟೋ ಸಲ ಕೇಳಿದ್ದಾನೆ. ಮಿಲ್ವಾಕಿಯವನು ಜನವರಿ 8ರವನು, ಅವನಿಗೆ 199. ಇದು ಎಲ್ಲಕ್ಕಿಂತ ಕೆಟ್ಟ ಸಂಖ್ಯೆ. ಮೊದಲ ಮೂರರಲ್ಲೊಂದು ಪಾಲಿನವರು ಖಂಡಿತ ಹೋಗುವರು, ಕೊನೆಯ ಪಾಲಿನವರು ಖಂಡಿತ ಉಳಿಯುವರು, ನಡುವಿನವರ ವಿಷಯ ಹೇಳುವಂತಿಲ್ಲ ಎಂದು ಅಧಿಕಾರಿಗಳೇ ಸಾರಿದ್ದರು. ಅವನು 1970ನೆಯ ಇಸವಿಯನ್ನೆಲ್ಲ ತಿಂಗಳು ತಿಂಗಳಿಗೂ ಏರುತ್ತಿದ್ದ ಕರೆಯ ಸಂಖ್ಯೆಯನ್ನು ನೋಡುತ್ತ ಕಳೆದನು. ಹೊಳೆಯ ದಡದಲ್ಲಿ ಮನೆಯಿದ್ದವನು ಮಳೆಗಾಲದಲ್ಲಿ ಮೆಟ್ಟಿಲು ಎಣಿಸುವಂತೆ. ಆ ವರ್ಷದ ಕರೆ 195ಕ್ಕೆ ನಿಂತಿತು. ನಾಲ್ಕು ಮೆಟ್ಟಿಲು ಉಳಿದಿದ್ದವು. ವರ್ಷದ ಕೊನೆಯಲ್ಲಿ ಅವನು ಒಂದು ಜಾಣತನ ಮಾಡಿದನು. ಒಂದು ವರ್ಷದ ಅಪಾಯವನ್ನು ದಾಟಿದವನನ್ನು ಹಿಂದಿನ ಸಾಲಿಗೆ ಸೇರಿಸುವ ನಿಯಮವಿತ್ತು. ಆದ್ದರಿಂದ ಡಿಸೆಂಬರಿನಲ್ಲಿ ತಾನಾಗಿಯೇ ವಿದ್ಯಾರ್ಥಿಯ ವಿನಾಯಿತಿಯನ್ನು ಬಿಟ್ಟುಕೊಟ್ಟು, ಕೆಲವು ದಿನ ಬಿಲ್ಲಿನ ಎದುರಿಗೆ ನಿಂತು, ಹೊಸ ವರ್ಷಕ್ಕೆ ಮುಕ್ತನಾದನು. ಹಾಗೆ ಮಾಡಿದವರು ಬಹುಮಂದಿ.

ಇನ್ನು ಆ ಚೀಟಿಯ ಸಾಚಾತನದ ಮಾತು. ಪತ್ರಿಕೆಯಲ್ಲಿ ಪಟ್ಟಿ ಬಂದ ಕೆಲವೇ ದಿನಗಳಲ್ಲಿ ಲೆಕ್ಕ ಬಲ್ಲವರು ಒಂದು ವಿಚಿತ್ರವನ್ನು ಕಂಡರು. ಡಿಸೆಂಬರಿನ 31 ದಿನಗಳಲ್ಲಿ 26 ದಿನಗಳು ಪಟ್ಟಿಯ ಮೊದಲರ್ಧದಲ್ಲಿಯೇ ಇದ್ದವು. ಜನವರಿಯ ಸಂಖ್ಯೆಗಳ ಸರಾಸರಿ ಸುಮಾರು 201. ಡಿಸೆಂಬರಿನದು ಸುಮಾರು 121. ಕಾರಣವು ಬಹಳ ಸಾಮಾನ್ಯವಾದುದು. ಕರಡಿಗೆಗಳನ್ನು ಪೆಟ್ಟಿಗೆಗೆ ತುಂಬುವಾಗ ಮೊದಲು ಜನವರಿಯವು, ಆಮೇಲೆ ಫೆಬ್ರವರಿಯವು, ಹೀಗೆ ತಿಂಗಳ ಕ್ರಮದಲ್ಲಿ ಹಾಕಿ ಬೆರೆಸುತ್ತ ಹೋಗಿದ್ದರು. ಜನವರಿಯವು ಹಲವು ಸಲ ಬೆರೆತವು, ಡಿಸೆಂಬರಿನವು ಒಂದೇ ಸಲ. ಪಾತ್ರೆಗೆ ಸುರಿದಾಗ ವರ್ಷದ ಕೊನೆಯ ತಿಂಗಳುಗಳು ಮೇಲೆ ಉಳಿದವು. ಎತ್ತುವ ಕೈ ಸಾಮಾನ್ಯವಾಗಿ ಮೇಲಿನದನ್ನೇ ಎತ್ತುತ್ತದೆ. ಅಕ್ಕಿಗೆ ಉದ್ದು ಬೆರೆಸುವ ನಮ್ಮ ಹೆಂಗಸರನ್ನು ಕರೆದಿದ್ದರೆ ಬುಡದಿಂದ ಮೊಗೆದು ಮೇಲಕ್ಕೆ ತರಬೇಕೆಂದು ಹೇಳಿಕೊಡುತ್ತಿದ್ದರು. ನಮ್ಮ ಮ್ಯಾಡಿಸನ್ನಿನ ನ್ಯಾಯಾಲಯದಲ್ಲಿಯೂ ಈ ಬಗ್ಗೆ ಒಂದು ದಾವೆ ಬಿದ್ದು ಹೋಯಿತು, ಚೀಟಿ ನಿಂತಿತು. ತಪ್ಪನ್ನು ಬಾಯಿಬಿಟ್ಟು ಒಪ್ಪದೆ, ಮುಂದಿನ ಸಲ, ಅಂದರೆ 1970ರ ಜುಲೈ 1ರಂದು, ತಾರೀಖುಗಳಿಗೊಂದು ಸಂಖ್ಯೆಗಳಿಗೊಂದು ಎಂದು ಎರಡು ಉರುಳೆಗಳನ್ನು ತಂದು ಸರಿಯಾಗಿ ನಡೆಸಿದರು. ಮೊದಲ ಸಲದ ಡಿಸೆಂಬರಿನವರಿಗೆ ಅದರಿಂದ ಏನೂ ಆಗಲಿಲ್ಲ.

ಈಗ ನನ್ನ ಸಂಗತಿ. ಇದಕ್ಕಾಗಿಯೇ ಇಷ್ಟು ಬರೆದೆನು.

ನಮ್ಮ ಕಾಲದ ಹಳ್ಳಿಯ ಮಕ್ಕಳಿಗೆ ಎರಡು ಜನ್ಮದಿನಗಳಿರುತ್ತಿದ್ದುದು ಓದುಗರಿಗೆ ಗೊತ್ತು. ಒಂದು ಜಾತಕದಲ್ಲಿ, ಇನ್ನೊಂದು ಶಾಲೆಯ ದಾಖಲೆಯಲ್ಲಿ. ಮೇಷ್ಟರು ನನ್ನನ್ನು ಶಾಲೆಗೆ ಸೇರಿಸಿಕೊಳ್ಳುವಾಗ ವಯಸ್ಸು ಕೂಡಿಬರಲೆಂದು 1945ನೆಯ ಜೂನ್ 1 ಎಂದು ಬರೆದರು. ಅವರ ಪುಸ್ತಕದಲ್ಲಿ ಅರ್ಧ ತರಗತಿ ಜೂನ್ ಒಂದರಂದೇ ಹುಟ್ಟಿತ್ತು. ಅದೇ ತಾರೀಖು ನನ್ನ ಪ್ರಮಾಣಪತ್ರಗಳಿಗೆ ಬಂದಿತು, ರಹದಾರಿಗೂ ಬಂದಿತು. ಪಟ್ಟಿಯಲ್ಲಿ ಜೂನ್ 1ಕ್ಕೆ 249 ಎಂದಿತ್ತು. ನನ್ನ ಗೆಳೆಯರು ನನಗೂ ಒಂದು ಸಂಖ್ಯೆಯನ್ನು ಕೊಟ್ಟು ಸಮಾಧಾನಪಟ್ಟರು. ಆದರೆ ನಿಜವಾದ ದಿನ ಯಾವುದೋ! ಮಾರ್ಗಶಿರ ಮಾಸವೆಂಬಷ್ಟೇ ನನಗೆ ಗೊತ್ತಿದ್ದುದು. ಬರಿಯ ಕುತೂಹಲದಿಂದ ತಂದೆಗೆ ಕಾಗದ ಬರೆದೆನು. ಜನವರಿಯ ಕೊನೆಯಲ್ಲಿ ಉತ್ತರ ಬಂದಿತು. ಪಾರ್ಥಿವ ಸಂವತ್ಸರದ ಮಾರ್ಗಶಿರ ಶುದ್ಧ ಬಿದಿಗೆ, ಗುರುವಾರ. ಇಂಗ್ಲಿಷ್ ರೀತಿಯಲ್ಲಿ 1945ನೆಯ ಡಿಸೆಂಬರ್ 6. ಜಾತಕವನ್ನು ಕೇಳಿರುವುದು ಅಲ್ಲಿಯೇ ಏನಾದರೂ ವಿವಾಹದ ಪ್ರಸ್ತಾಪವಿರುವುದರಿಂದಲೋ, ಇದ್ದರೆ ಮರೆಮಾಡದೆ ತಿಳಿಸತಕ್ಕದ್ದು ಎಂದೂ ಬರೆದಿದ್ದರು.

ಅಡುಗೆಯ ಮನೆಯ ಗೋಡೆಗೆ ಪಟ್ಟಿಯನ್ನು ಚುಚ್ಚಿದ್ದರು. ಹೋಗಿ ನೋಡಿದೆನು. ಡಿಸೆಂಬರ್ 6ಕ್ಕೆ 10.

ಆ ರಾತ್ರಿ ಓದಿದ ಹತ್ತನೆಯ ಚೀಟಿ ನನ್ನದು. ರೈತನ ಮಗನ ಬೆನ್ನಿಗೇ ಬಂದಿತ್ತು. ನಾನು ಪರದೇಶಿ, ಅದರಿಂದ ನನಗೇನೂ ಇಲ್ಲ. ಆದರೂ ಯಾರಿಗೂ ಹೇಳಲಿಲ್ಲ. ಏಕೆ ಹೇಳಲಿಲ್ಲವೆಂದು ಆಗ ಕೇಳಿದ್ದರೆ ಹೇಳುವಂಥದೇನಿದೆ ಎನ್ನುತ್ತಿದ್ದೆನು.

ಎರಡು ಮೂರು ತಿಂಗಳಲ್ಲಿ ಸ್ಥಿತಿ ಬೇರೆಯಾಯಿತು. ನನ್ನ ವ್ಯಾಸಂಗ ಮುಗಿಯುತ್ತ ಬಂದಿತ್ತು. ಅಲ್ಲಿಯೇ ಒಂದು ಸಂಶೋಧನೆಯ ಕೆಲಸ ಸಿಕ್ಕುವ ಹಾಗಾಯಿತು. ಅದಕ್ಕೆ ಆ ದೇಶದಲ್ಲಿ ಸ್ಥಿರವಾಗಿ ನೆಲಸುವ ಪರವಾನಿಗೆ ಬೇಕು. ಪರವಾನಿಗೆ ಪಡೆದ ಪರದೇಶಿಯು ಇಪ್ಪತ್ತಾರರ ಒಳಗಿನವನಾದರೆ ಸೈನ್ಯಭರ್ತಿಯ ಮಂಡಲಿಯಲ್ಲಿಯೂ ಹೆಸರು ಬರೆಸಬೇಕು. ಅವನ ಹುಟ್ಟಿದ ದಿನಕ್ಕೂ ಅದೇ ಪಟ್ಟಿಯ ಸಂಖ್ಯೆ. ಪದವಿಯ ಮೇಲಿನ ಓದಿಗೆ ಸಾಮಾನ್ಯವಾಗಿ ವಿನಾಯಿತಿಯೂ 1968ರಲ್ಲಿಯೇ ಹೋಗಿತ್ತು. ನನಗೆ ಇಪ್ಪತ್ತೈದು ತುಂಬುತ್ತ ಬಂದಿತ್ತು, ಒಂದು ಲೆಕ್ಕದಲ್ಲಿ. ಇನ್ನೊಂದು ಲೆಕ್ಕದಲ್ಲಿ ಇಪ್ಪತ್ತನಾಲ್ಕು.

1970ರ ಮೇ ತಿಂಗಳ ಮೊದಲ ವಾರ. ಅಮೆರಿಕೆಯ ಸೇನೆ ಕಾಂಬೋಡಿಯವನ್ನು ಹೊಕ್ಕಿತ್ತು. ಒಹಾಯೋ ಸಂಸ್ಥಾನದ ಕೆಂಟಿನಲ್ಲಿ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಿದ್ದಿದ್ದರು. ನಮ್ಮ ಊರಿನ ಬೀದಿಗಳಲ್ಲಿಯೂ ಕಣ್ಣೀರಿನ ಹೊಗೆ. ಕಿಟಕಿಗಳನ್ನು ಮುಚ್ಚಿ, ಸಂದಿಗಳಿಗೆ ಒದ್ದೆಬಟ್ಟೆ ತುರುಕಿ ಕುಳಿತಿದ್ದೆವು. ನನ್ನ ಅರ್ಜಿಗಳನ್ನು ಬೆರಳಚ್ಚಿನ ಯಂತ್ರದಲ್ಲಿ ತುಂಬಬೇಕಾಗಿತ್ತು. ನನಗೆ ಅದು ಬಾರದು. ರೈತನ ಮಗನಿಗೆ ಚೆನ್ನಾಗಿ ಬರುತ್ತಿತ್ತು. ಆ ಹಾರೆಯಂಥ ಬೆರಳುಗಳು ಅಕ್ಷರಗಳ ಮೇಲೆ ಅಷ್ಟು ಹಗುರವಾಗಿ ಓಡುತ್ತಿದ್ದುದು ನನಗೆ ಯಾವಾಗಲೂ ಒಂದು ಸೋಜಿಗ. ಹೆಸರು, ತಂದೆಯ ಹೆಸರು, ಹುಟ್ಟಿದ ಊರು. ನಮ್ಮ ಊರಿನ ಹೆಸರಿನ ಕಾಗುಣಿತಕ್ಕೆ ಎರಡು ಹಾಳೆ ಹಾಳಾದವು. ಆಮೇಲೆ, “ಹುಟ್ಟಿದ ದಿನ?” ಎಂದನು.

ನಾನು ಒಂದು ಗಳಿಗೆ ತಡೆದೆನು. ಊರಿನ ಹೆಸರಿಗಾಗಿ ತಡವರಿಸಿದವನು ಇದಕ್ಕೂ ತಡವರಿಸುತ್ತಿದ್ದಾನೆಂದು ಅವನು ತಿಳಿದಿರಬೇಕು. “ಜೂನ್ 1” ಎಂದೆನು.

ಅವನಿಗೆ ಪಟ್ಟಿಯೆಲ್ಲ ಕಂಠಪಾಠ. ಬೆರಳು ನಿಲ್ಲಿಸದೆಯೇ, “ಇನ್ನೂರ ನಲವತ್ತೊಂಬತ್ತು. ನೀನು ಪಾರಾದೆ” ಎಂದನು. ನಿಜವಾದ ಸಂತೋಷದಿಂದ ಹೇಳಿದನು.

ವಕೀಲನಂತೆ ನನ್ನ ಪಕ್ಷವನ್ನು ನಾನು ಎಷ್ಟೋ ಸಲ ವಾದಿಸಿಕೊಂಡಿದ್ದೇನೆ. ರಹದಾರಿಯಲ್ಲಿದ್ದುದು ಜೂನ್ 1. ಬೇರೆ ಬರೆಸಿದ್ದರೆ ಅದೇ ಸುಳ್ಳು ದಾಖಲೆಯಾಗುತ್ತಿತ್ತು. ಆ ಯುದ್ಧ ನ್ಯಾಯವಾದುದೆಂದು ನಾನು ಎಂದೂ ಒಪ್ಪಿದವನಲ್ಲ. ಅದು ನನ್ನ ದೇಶದ ಯುದ್ಧವೂ ಅಲ್ಲ. ಜಾತಕವನ್ನು ಅಮೆರಿಕೆಯ ಯಾವ ಅಧಿಕಾರಿಯೂ ಕೇಳಿರಲಿಲ್ಲ. ಇವೆಲ್ಲ ಸರಿಯಾದ ಮಾತುಗಳೇ. ಆದರೆ ಪಕ್ಕದ ಕುರ್ಚಿಯಲ್ಲಿ 9 ಎಂಬವನು ಕುಳಿತು 10 ಎಂಬವನಿಗೆ ಅರ್ಜಿಯನ್ನು ಬರೆದುಕೊಡುತ್ತಿದ್ದನು. ಆ 10 ಸುಮ್ಮನಿದ್ದನು. ನನ್ನ ಕಾಗದವನ್ನು ಯಂತ್ರದಿಂದ ತೆಗೆದು, ಶಾಯಿ ಒರೆಸಿ, ಮಡಿಚದಂತೆ ಒಂದು ಪುಸ್ತಕದ ನಡುವೆ ಇಟ್ಟುಕೊಟ್ಟನು.

ಜೂನಿನಲ್ಲಿ ಅವನಿಗೆ ಪದವಿಯಾಯಿತು, ವಿನಾಯಿತಿ ಮುಗಿಯಿತು. ಜುಲೈಯಲ್ಲಿ ದೇಹಪರೀಕ್ಷೆಗಾಗಿ ಮಿಲ್ವಾಕಿಗೆ ಕರೆ ಬಂದಿತು. ದಾರಿಗಳು ಇಲ್ಲದೆ ಇರಲಿಲ್ಲ. ಕೆನಡಕ್ಕೆ ಹೋದವರನ್ನು ನಾವೆಲ್ಲ ಬಲ್ಲೆವು. ಸಂಸ್ಥಾನದ ರಕ್ಷಣಾದಳಕ್ಕೆ ಸೇರಿದರೆ ಬಹುಮಟ್ಟಿಗೆ ಊರಿನಲ್ಲಿಯೇ ಇರಬಹುದು, ಆದರೆ ಅಲ್ಲಿ ಸರದಿ ಬಹು ಉದ್ದ. ಆತ್ಮಸಾಕ್ಷಿಗೆ ವಿರೋಧವೆಂದು ಅರ್ಜಿ ಹಾಕಬಹುದು. ಷಿಕಾಗೋದವನು ತನ್ನ ತಂದೆಯ ಕಡೆಯ ವಕೀಲರನ್ನು ಕಾಣಿಸುತ್ತೇನೆಂದು ಕಾಲು ಹಿಡಿಯುವಂತೆ ಬೇಡಿಕೊಂಡನು. ಇವನು ಯಾವುದನ್ನೂ ಮಾಡಲಿಲ್ಲ. ಯುದ್ಧದಲ್ಲಿ ಅವನಿಗೆ ನಂಬಿಕೆಯಿತ್ತೆಂದಲ್ಲ. ಎರಡು ಸಲ ನಮ್ಮ ಜೊತೆಯಲ್ಲಿ ಮೆರವಣಿಗೆಗೂ ಬಂದಿದ್ದನು.

ಸೆಪ್ಟೆಂಬರಿನಲ್ಲಿ ಬಸ್ಸಿನ ನಿಲ್ದಾಣದವರೆಗೆ ನಾನೊಬ್ಬನೇ ಹೋಗಿದ್ದೆನು. ತನ್ನ ಊರಿಗೆ ಹೋಗಿ ಎರಡು ದಿನವಿದ್ದು ಅಲ್ಲಿಂದ ಹೊರಡುವುದೆಂದಿತ್ತು. ಕೊನೆಗೆ ತಡೆಯಲಾರದೆ, ಏಕೆ ಹೋಗುತ್ತೀಯೆಂದು ಕೇಳಿದೆನು. ಅವನು ಸ್ವಲ್ಪ ಯೋಚಿಸಿ ಹೇಳಿದುದು ಇಷ್ಟು. ತಮ್ಮ ಮಂಡಲಿ ತಿಂಗಳಿಗೆ ಇಷ್ಟು ಮಂದಿಯೆಂದು ಕೊಡಲೇಬೇಕು. ಅದು ಹಾಲಿನ ಲೆಕ್ಕವಿದ್ದ ಹಾಗೆ. ಒಂದು ಹಸು ಬತ್ತಿದರೆ ಇನ್ನೊಂದರಿಂದ ತುಂಬಬೇಕು. ತಾನು ತಪ್ಪಿಸಿಕೊಂಡರೆ ಹತ್ತನೆಯವನು ಹೋಗುತ್ತಾನೆ. ಹತ್ತನೆಯವನು ಯಾರೋ ತನಗೆ ತಿಳಿಯದು. ಯಾರ ಮನೆಯ ಹುಡುಗನೋ.

ಬಸ್ಸು ಹೊರಟಿತು. ನನಗೆ ಆಗಲೇ ಪರವಾನಿಗೆ ಬಂದಿತ್ತು; ಮಂಡಲಿಯಲ್ಲಿ ಹೆಸರನ್ನೂ ಬರೆಸಿ ಆಗಿತ್ತು, ಜೂನ್ 1 ಎಂದು.

ವಿಯಟ್ನಾಮಿನಿಂದ ಅವನು ನನಗೆ ಬರೆದ ಕಾಗದಗಳಲ್ಲಿ ಯುದ್ಧದ ಮಾತು ಕಡಿಮೆ, ಮಣ್ಣಿನ ಮಾತು ಹೆಚ್ಚು. ಅಲ್ಲಿಯ ಎತ್ತರದ ನೆಲ ನಾನು ಹೇಳುತ್ತಿದ್ದ ನಮ್ಮ ಸೀಮೆಯ ಹಾಗೆ ಕೆಂಪು. ಮಳೆ ಬಂದರೆ ಅಂಟು, ಬಿಸಿಲು ಬಂದರೆ ಇಟ್ಟಿಗೆ. ಕೋಣಗಳನ್ನು ಕಟ್ಟಿ ನೀರಿನಲ್ಲಿಯೇ ಉಳುತ್ತಾರೆ. ತಾವು ಸಾಲಾಗಿ ಗದ್ದೆಯ ಅಂಚಿನಲ್ಲಿ ನಡೆದು ಹೋಗುವಾಗ ಒಬ್ಬ ಮುದುಕನು ಉಳುವುದನ್ನು ನಿಲ್ಲಿಸಿ, ಎಲ್ಲರೂ ದಾಟುವವರೆಗೆ ನೋಡಿ, ಮತ್ತೆ ಉಳಲು ತೊಡಗಿದನಂತೆ. ಆ ನೋಟವನ್ನು ತನ್ನ ತಂದೆಯ ಮುಖದಲ್ಲಿ ಕಂಡಿದ್ದೇನೆ, ಬ್ಯಾಂಕಿನವರು ಹೊಲಕ್ಕೆ ಬಂದಾಗ, ಎಂದು ಬರೆದಿದ್ದನು.

1972ರಲ್ಲಿ ಹಿಂದಿರುಗಿದನು. ಎಡಗಿವಿ ಹೋಗಿತ್ತು, ಬೇರೇನೂ ಹೊರಗೆ ಕಾಣಿಸುತ್ತಿರಲಿಲ್ಲ. ಆ ವರ್ಷದ ಡಿಸೆಂಬರಿಗೆ ಕಡ್ಡಾಯದ ಕರೆ ನಿಂತಿತು. 1973ರ ಮಧ್ಯದಲ್ಲಿ ಕಾಯಿದೆಯ ಅವಧಿಯೂ ಮುಗಿಯಿತು. ತಪ್ಪಿಸಿಕೊಂಡವರನ್ನು 1977ರಲ್ಲಿ ಅಧ್ಯಕ್ಷ ಕಾರ್ಟರ್ ಕ್ಷಮಿಸಿದರು. ಸತ್ತ ಅಮೆರಿಕದವರು 58,000ಕ್ಕೂ ಹೆಚ್ಚು. ವಿಯಟ್ನಾಮಿನವರು ಅದರ ಎಷ್ಟೋ ಮಡಿ. ನಾನು 1976ರಲ್ಲಿ ಸ್ವದೇಶಕ್ಕೆ ಬಂದು, ಕೃಷಿಯ ಅಧ್ಯಾಪಕನಾಗಿ ಕಾಲ ಕಳೆದೆನು. ಮಕ್ಕಿಗದ್ದೆಯನ್ನು ಮಾರಲಿಲ್ಲ.

1998ರಲ್ಲಿ ಮಗಳ ಮನೆಗೆಂದು ಅಮೆರಿಕೆಗೆ ಹೋದಾಗ ವಿಸ್ಕಾನ್ಸಿನ್ನಿಗೂ ಹೋದೆನು. ಅವನು ತಂದೆಯ ಬೇಸಾಯವನ್ನೇ ನಡೆಸುತ್ತಿದ್ದನು. ಹೆಂಡತಿಗೆ ನನ್ನನ್ನು ಪರಿಚಯ ಮಾಡಿಸಿದುದು ಹೀಗೆ: “ಇವನೇ ಜೂನ್ ಒಂದರವನು. ಇನ್ನೂರ ನಲವತ್ತೊಂಬತ್ತು.” ಇಪ್ಪತ್ತೆಂಟು ವರ್ಷಗಳಾಗಿದ್ದರೂ ಮರೆತಿರಲಿಲ್ಲ. ಆ ವಯಸ್ಸಿನ ಯಾರನ್ನು ಕೇಳಿದರೂ ತಮ್ಮದನ್ನು ಹೇಳುತ್ತಾರೆ. ಅವನು ನಮ್ಮೆಲ್ಲರದನ್ನೂ ಇಟ್ಟುಕೊಂಡಿದ್ದನು.

ಸಂಜೆ ಜಗಲಿಯಲ್ಲಿ ಇಬ್ಬರೇ ಕುಳಿತಿದ್ದಾಗ ಹೇಳಿದೆನು. ಎರಡು ಸಲ ಹೇಳಬೇಕಾಯಿತು; ನಾನು ಕುಳಿತಿದ್ದುದು ಅವನ ಎಡಗಡೆ. ನನ್ನ ನಿಜವಾದ ದಿನ ಡಿಸೆಂಬರ್ 6, ಅರ್ಜಿಯನ್ನು ಬರೆಸುವಾಗ ನನಗೆ ಅದು ಗೊತ್ತಿತ್ತು ಎಂದೆನು.

“ಹತ್ತು” ಎಂದನು, ಆ ಕ್ಷಣವೇ. ಆಮೇಲೆ ಬಹಳ ಹೊತ್ತು ಹೊಲದ ಕಡೆ ನೋಡುತ್ತ ಕುಳಿತನು. ಕೋಪವಿದ್ದಂತೆ ತೋರಲಿಲ್ಲ. ಕೊನೆಗೆ, “ನಮ್ಮ ಮಂಡಲಿಯಲ್ಲಿಯೂ ಒಬ್ಬ ಹತ್ತನೆಯವನಿದ್ದನು. ನನ್ನ ಜೊತೆಯಲ್ಲಿಯೇ ಹೊರಟನು. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದನು” ಎಂದನು.

ಆ ಹುಡುಗನು ಹಿಂದಿರುಗಿದನೋ ಇಲ್ಲವೋ ಅವನು ಹೇಳಲಿಲ್ಲ. ನಾನು ಕೇಳಲಿಲ್ಲ. ಹಾಲು ಕರೆಯುವ ಹೊತ್ತಾಗಿತ್ತು. ಕೊಟ್ಟಿಗೆಯಲ್ಲಿ ಹಸುಗಳು ಕೂಗತೊಡಗಿದ್ದವು. ಅವನು ಎದ್ದನು. ಬಾಗಿಲ ಬಳಿಯಲ್ಲಿದ್ದ ಇನ್ನೊಂದು ಜೊತೆ ರಬ್ಬರಿನ ಬೂಡ್ಸನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿದನು. ನಾನು ಹಾಕಿಕೊಂಡು ಹಿಂದೆಯೇ ಹೋದೆನು.